ಬ್ರಾಡ್‌ಕಾಸ್ಟ್ ಫ್ಲ್ಯಾಗ್ ನಿಯಮದ ಏಳುಬೀಳು

ಅಮೆರಿಕದಲ್ಲಿ ಆಕಾಶಮಾರ್ಗವಾಗಿ ಬರುವ ಟೆಲಿವಿಷನ್ ಪ್ರಸಾರವು ಆಂಟೆನಾ ನೆಟ್ಟವರೆಲ್ಲರಿಗೂ ಧಾರಾಳವಾಗಿ ದೊರೆಯುತ್ತಿದ್ದಿತು. ಅದನ್ನು ಮನೆಯಲ್ಲಿ ಮುದ್ರಿಸಿಕೊಂಡು ಬಿಡುವಾದಾಗ ನೋಡುವುದು ತಪ್ಪಲ್ಲವೆಂದು ಆ ದೇಶದ ಸುಪ್ರೀಂ ಕೋರ್ಟು 1984ರಲ್ಲಿ, ಸೋನಿ ಕಂಪನಿಯ ಬೀಟಾಮ್ಯಾಕ್ಸ್ ವಿಡಿಯೋ ಟೇಪ್ ಯಂತ್ರದ ವ್ಯಾಜ್ಯದಲ್ಲಿ, ಐವರಿಗೆ ನಾಲ್ವರೆಂಬ ಅಲ್ಪ ಬಹುಮತದಿಂದ ತೀರ್ಮಾನಿಸಿದ್ದಿತು. ಪ್ರಸಾರವು ಡಿಜಿಟಲ್ ರೂಪವನ್ನು ತಾಳತೊಡಗಿದೊಡನೆ ನಕಲಿನ ಬಗೆಗೆ ಚಿತ್ರೋದ್ಯಮಿಗಳಿಗಿದ್ದ ಹಳೆಯ ಭೀತಿ ಮರುಹುಟ್ಟು ಪಡೆಯಿತು. ಟೇಪಿನ ನಕಲಿಗೆ ನಕಲು ತೆಗೆದಂತೆಲ್ಲ ಚಿತ್ರ ಮಸಕಾಗುತ್ತಿತ್ತು. ಡಿಜಿಟಲ್ ಪ್ರತಿಯಾದರೋ ಸಾವಿರನೆಯ ನಕಲಿನಲ್ಲಿಯೂ ಮೂಲದಷ್ಟೇ ನಿರ್ಮಲವಾಗಿದ್ದು, ಇಂಟರ್ನೆಟ್ಟಿನ ಮೂಲಕ ಖಂಡಾಂತರಗಳಿಗೆ ಹಬ್ಬಬಲ್ಲುದು.

ಈ ಭೀತಿಯ ಫಲವಾಗಿ 2003ರ ನವೆಂಬರಿನಲ್ಲಿ, ಪ್ರಸಾರವನ್ನು ನಿಯಂತ್ರಿಸುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನು ಬ್ರಾಡ್‌ಕಾಸ್ಟ್ ಫ್ಲ್ಯಾಗ್ ನಿಯಮವನ್ನು ಹೊರಡಿಸಿತು. ಫ್ಲ್ಯಾಗ್ ಎಂದರೆ ಕಾರ್ಯಕ್ರಮವನ್ನು ಅಂಕೆಯಿಲ್ಲದೆ ಹಂಚಗೊಡಬಾರದೆಂಬ ಸೂಚನೆ. ಪ್ರಸಾರದೊಡನೆ ಹರಿದುಬರುವ ಆ ಪುಟ್ಟ ಗುರುತು ಚಿತ್ರವನ್ನು ಗೂಢಲಿಪಿಗೆ ತಿರುಗಿಸುತ್ತಿರಲಿಲ್ಲ, ತಾನಾಗಿ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಅದನ್ನು ಕಂಡು ವಿಧೇಯವಾಗಿ ನಡೆಯಬೇಕಾದುದು ರಿಸೀವರು. ಆದಕಾರಣ 2005ರ ಜುಲೈ 1ರಿಂದ ತಯಾರಾಗುವ ರಿಸೀವರುಗಳೆಲ್ಲವೂ, ಗಣಕದೊಳಗೆ ಕೂರಿಸುವ ಟ್ಯೂನರ್ ಕಾರ್ಡುಗಳೂ ಸೇರಿ, ಅದಕ್ಕೆ ತಲೆಬಾಗತಕ್ಕದ್ದೆಂದು ಆಜ್ಞೆಯಾಯಿತು. ಗುರುತನ್ನು ಹಚ್ಚುವವನು ಪ್ರಸಾರಕ, ಕಟ್ಟುಪಾಡಿಗೆ ಒಳಗಾಗುವುದು ಹಣ ತೆತ್ತು ಕೊಂಡವನ ಯಂತ್ರ!

ನಿಯಮದ ನಿಜವಾದ ಬಿರುಸು ಅದರ ಇನ್ನೊಂದು ವಿಧಿಯಲ್ಲಿತ್ತು: ಸಾಮಾನ್ಯ ಬಳಕೆದಾರನು ಸುಲಭವಾಗಿ ದೊರೆಯುವ ಸಲಕರಣೆಗಳಿಂದ ಮಾರ್ಪಡಿಸಲಾಗದಂತೆ ಯಂತ್ರವು ಭದ್ರವಾಗಿರಬೇಕು. ಇದೇ ಕಾಲಕ್ಕೆ ಎರಿಕ್ ಬ್ಲಾಸಮ್ ಮೊದಲಾದವರು ಗ್ನೂ ರೇಡಿಯೋ ಎಂಬ ಸಾಫ್ಟ್‌ವೇರನ್ನು ರಚಿಸಿ, ಆಂಟೆನಾ ತಂದ ತರಂಗದಿಂದ ಚಿತ್ರವನ್ನು ಬಿಡಿಸುವ ಕಾರ್ಯವನ್ನು ಸಾಧಾರಣ ಗಣಕದ ಲೆಕ್ಕಾಚಾರದಿಂದಲೇ ಸಾಧಿಸಿದ್ದರು. ಐಸಾಕ್ ರಿಚರ್ಡ್ಸ್ 2002ರಲ್ಲಿ ಆರಂಭಿಸಿದ ಮಿಥ್‌ಟಿವಿ ಲಿನಕ್ಸ್ ಗಣಕವನ್ನು ಟೆಲಿವಿಷನ್ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಯಂತ್ರವನ್ನಾಗಿಸಿತ್ತು. ಇವುಗಳ ಲೈಸೆನ್ಸೇ ಸೋರ್ಸ್ ಕೋಡನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಸಾರುತ್ತದೆ. ತಿದ್ದಲಾಗದಿರುವುದೇ ಅರ್ಹತೆಯೆಂದು ವಿಧಿಸುವ ಶಾಸನಕ್ಕೂ, ತಿದ್ದುವುದನ್ನೇ ಹಕ್ಕಾಗಿ ಕೊಡುವ ಸಾಫ್ಟ್‌ವೇರಿಗೂ ಸಂಧಾನವೆಲ್ಲಿಯದು? ಕಮಿಷನ್ನಿಗೂ ಈ ತೊಡಕು ಕಾಣದಿರಲಿಲ್ಲ. ಇಂಥ ಓಪನ್ ಸೋರ್ಸ್ ಸಾಫ್ಟ್‌ವೇರಿನ ಗತಿಯೇನೆಂಬ ಬಗೆಗೆ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿತು, ಆದರೆ ನಿಯಮವನ್ನು ಮಾತ್ರ ಮೊದಲೇ ಹೊರಡಿಸಿಬಿಟ್ಟಿತು. ಉತ್ತರವನ್ನು ಕೇಳುವ ಮುನ್ನವೇ ತೀರ್ಪು ಕೊಡುವ ಈ ಕ್ರಮ ಶ್ಲಾಘ್ಯವೆಂದು ನನಗೆ ತೋರದು. ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ನಿನವರಾದರೋ ಗಡುವು ಮುಗಿಯುವುದರೊಳಗೆ ಕಾರ್ಡುಗಳನ್ನು ಕೊಂಡು ನಿಮ್ಮ ಯಂತ್ರಗಳನ್ನು ನೀವೇ ಕಟ್ಟಿಕೊಳ್ಳಿರೆಂದು ಜನರನ್ನು ಹುರಿದುಂಬಿಸಿದರು.

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನೂ ಅದರ ಸಹವಾದಿಗಳೂ ಹೂಡಿದ ದಾವೆಯಲ್ಲಿ, ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು 2005ರ ಮೇ 6ರಂದು ನಿಯಮವನ್ನು ರದ್ದುಗೊಳಿಸಿತು. ತೀರ್ಪನ್ನು ಬರೆದ ನ್ಯಾಯಾಧೀಶ ಹ್ಯಾರಿ ಎಡ್ವರ್ಡ್ಸರ ಮಾತಿನ ಸಾರವಿಷ್ಟು: 1934ರ ಸಂಪರ್ಕ ಕಾಯಿದೆಯು ಕಮಿಷನ್ನಿಗೆ ಪ್ರಸಾರದ ಮೇಲೆ ಅಧಿಕಾರವನ್ನಿತ್ತಿದೆಯೇ ಹೊರತು, ಪ್ರಸಾರವನ್ನು ಸ್ವೀಕರಿಸಿಯಾದ ಬಳಿಕ ಯಂತ್ರವೇನು ಮಾಡಬೇಕೆಂಬುದರ ಮೇಲಲ್ಲ. ಬಳಿಕ ಕಾಂಗ್ರೆಸ್ಸಿನಲ್ಲಿ ನಿಯಮವನ್ನು ಪುನರುಜ್ಜೀವಿಸಲು ನಡೆದ ಯತ್ನಗಳು ಕೈಗೂಡಲಿಲ್ಲ. 2011ರಲ್ಲಿ ಕಮಿಷನ್ನು ಅದನ್ನು ತನ್ನ ನಿಯಮಾವಳಿಯಿಂದಲೇ ತೆಗೆದುಹಾಕಿತು. ಗುರುತಿನ ರಕ್ಷೆಯಿಲ್ಲದಿದ್ದರೆ ಉತ್ತಮ ಕಾರ್ಯಕ್ರಮಗಳು ಉಚಿತ ಪ್ರಸಾರವನ್ನು ತೊರೆದಾವೆಂದು ಹೆದರಿಸಿದ್ದವರ ಭವಿಷ್ಯವಾಣಿಯೂ ಫಲಿಸಲಿಲ್ಲ.

ಆದರೆ ಓಪನ್ ಸೋರ್ಸು ಗೆದ್ದಿತೆಂದು ಹೇಳುವುದು ಅತ್ಯುಕ್ತಿ. ನ್ಯಾಯಾಲಯವು ಕಮಿಷನ್ನಿನ ಎಲ್ಲೆಯನ್ನು ಗುರುತಿಸಿತಲ್ಲದೆ, ಬಳಕೆದಾರನಿಗೆ ತನ್ನ ರಿಸೀವರನ್ನು ತಿದ್ದುವ ಹಕ್ಕುಂಟೆಂದು ಎಲ್ಲಿಯೂ ನುಡಿಯಲಿಲ್ಲ. ಇಂದು ಎಟಿಎಸ್‌ಸಿ 3.0 ಎಂಬ ಹೊಸ ಪದ್ಧತಿಯಲ್ಲಿ ಅಲ್ಲಿನ ಅನೇಕ ಪ್ರಸಾರ ಕೇಂದ್ರಗಳು ಚಿತ್ರವನ್ನೇ ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತಿವೆ. ಅದನ್ನು ಬಿಡಿಸುವ ಕೀಲಿಗಳು ದೊರೆಯುವುದು ಖಾಸಗಿ ಒಪ್ಪಂದಕ್ಕೆ ಸಹಿ ಹಾಕಿದ ತಯಾರಕರಿಗೆ ಮಾತ್ರ.