ಸೋದರಿಯರ ಮನೆಯೂ ಅದರ ಬಾಗಿಲೂ

ವಿದ್ಯಾರ್ಜನೆಗಾಗಿ ಮನೆ ಬಿಟ್ಟು ದೂರದ ಊರಿಗೆ ಹೋದವರಿಗೆ ಗ್ರಂಥಗಳೂ ಗುರುಗಳೂ ಎಷ್ಟು ಅವಶ್ಯವೋ ಸಜ್ಜನರ ಸಹವಾಸವೂ ಅಷ್ಟೇ ಅವಶ್ಯ. ಅಮೆರಿಕ ದೇಶದ ಕಾಲೇಜುಗಳಲ್ಲಿ 'ಸೊರಾರಿಟಿ' ಎಂದು ಕರೆಯಲ್ಪಡುವ ವಿದ್ಯಾರ್ಥಿನಿಯರ ಸಂಘಗಳು ಈ ಅವಶ್ಯಕತೆಯಿಂದಲೇ ಜನ್ಮ ತಾಳಿದವು. ನಮ್ಮ ಕುಟುಂಬಗಳ ಹೆಣ್ಣುಮಕ್ಕಳೂ ಆ ದೇಶದಲ್ಲಿ ಓದುತ್ತಿರುವ ಈ ಕಾಲದಲ್ಲಿ ಅವುಗಳ ಚರಿತ್ರೆಯನ್ನು ಅರಿಯುವುದು ಉಚಿತವೇ ಆಗಿದೆ.

ಇಂಡಿಯಾನಾ ಪ್ರಾಂತದ ಗ್ರೀನ್‌ಕ್ಯಾಸಲ್ ಎಂಬ ಊರಿನ ಕಾಲೇಜು 1867ರಲ್ಲಿ ಮೊದಲ ಬಾರಿಗೆ ಸ್ತ್ರೀಯರಿಗೆ ಪ್ರವೇಶ ನೀಡಿತು. ಇದೇ ಇಂದಿನ ಡಿಪಾ ವಿಶ್ವವಿದ್ಯಾಲಯ. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಬೆಟ್ಟಿ ಲಾಕ್ ಎಂಬ ಗಣಿತ ಪ್ರಾಧ್ಯಾಪಕರ ಮಗಳಿಗೆ ತರುಣರ ಸಂಘವೊಂದು ತನ್ನ ಲಾಂಛನವನ್ನು ಧರಿಸಲು ಕೊಡಮಾಡಿತು. ಸದಸ್ಯತ್ವವನ್ನೂ ಕೊಡುವುದಾದರೆ ಮಾತ್ರ ಧರಿಸುವೆನೆಂದಳು ಆಕೆ. ಅದಕ್ಕೆ ಅವರು ಒಪ್ಪಲಿಲ್ಲ. ಆಗ ಆಕೆ ಮೂವರು ಗೆಳತಿಯರೊಡನೆ 1870ರ ಜನವರಿ 27ರಂದು 'ಕಪ್ಪಾ ಆಲ್ಫಾ ಥೀಟಾ' ಸಂಘವನ್ನು ಸ್ಥಾಪಿಸಿದಳು. ಇದಕ್ಕೂ ಮೊದಲು, 1867ರ ಏಪ್ರಿಲ್‌ನಲ್ಲಿ, ಇಲಿನಾಯ್ ಪ್ರಾಂತದ ಮಾನ್ಮತ್ ಕಾಲೇಜಿನ 12 ಮಂದಿ ವಿದ್ಯಾರ್ಥಿನಿಯರು ಮುಂದೆ 'ಪೈ ಬೀಟಾ ಫೈ' ಎಂದು ಹೆಸರಾದ ಸಂಘವನ್ನು ಕಟ್ಟಿದ್ದರು. ಲ್ಯಾಟಿನ್ ಭಾಷೆಯಲ್ಲಿ ಸೋದರಿ ಎಂಬರ್ಥದ 'ಸೊರೋರ್' ಶಬ್ದದಿಂದ 'ಸೊರಾರಿಟಿ' ಎಂಬ ಪದವನ್ನು 1882ರಲ್ಲಿ ಬಳಕೆಗೆ ತಂದವರು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿ.

ಆರಂಭದಲ್ಲಿ ಈ ಸಂಘಗಳಿಗೆ ಸ್ವಂತ ನೆಲೆ ಇರಲಿಲ್ಲ. ಬಾಡಿಗೆಯ ಕೋಣೆಗಳಲ್ಲಿ ಸಭೆ ಸೇರುತ್ತಿದ್ದರು. 1886ರಲ್ಲಿ ಸಿರಾಕ್ಯೂಸಿನ 'ಆಲ್ಫಾ ಫೈ' ಸಂಘದವರು ತಮ್ಮದೇ ಮನೆಯನ್ನು ಕಟ್ಟಲು ತೊಡಗಿ ಇತರರಿಗೆ ಮಾರ್ಗ ತೋರಿದರು. ಅಂದಿನಿಂದ ಸಂಘವೆಂದರೆ ಮನೆ ಎಂಬ ಭಾವನೆ ಬೇರೂರಿತು. ಒಂದೇ ಪಂಕ್ತಿಯಲ್ಲಿ ಊಟ, ಹಿರಿಯ ವಿದ್ಯಾರ್ಥಿನಿಯಿಂದ ಕಿರಿಯಳಿಗೆ ಪಾಠ, ಕಾಯಿಲೆ ಬಿದ್ದವಳಿಗೆ ಶುಶ್ರೂಷೆ, ಮನೆಯ ಖರ್ಚುವೆಚ್ಚದಲ್ಲಿ ಸಮಪಾಲು. ಸ್ನೇಹವು ಭಾಷಣಗಳಿಂದ ಬೆಳೆಯುವುದಿಲ್ಲ. ಇಂತಹ ನಿತ್ಯದ ಸಣ್ಣ ಕೆಲಸಗಳಿಂದ ಬೆಳೆಯುತ್ತದೆ. ಪದವಿ ಪಡೆದು ಹೋದ ಮೇಲೂ ಈ ಸಂಬಂಧ ಕಡಿಯದೆ ಇರುವುದಕ್ಕೆ ಇದೇ ಕಾರಣ.

ಆದರೆ ಮನೆ ಎಂದ ಮೇಲೆ ಬಾಗಿಲೂ ಇರುತ್ತದೆ. ಹೊರಗಿಡಲ್ಪಟ್ಟ ಸ್ತ್ರೀಯರು ಕಟ್ಟಿದ ಸಂಘಗಳೇ ಕಾಲಕ್ರಮದಲ್ಲಿ ಇತರರನ್ನು ಹೊರಗಿಟ್ಟವು. ಕಪ್ಪು ಜನಾಂಗದ ವಿದ್ಯಾರ್ಥಿನಿಯರಿಗೂ ಯಹೂದಿ ವಿದ್ಯಾರ್ಥಿನಿಯರಿಗೂ ಅನೇಕ ಮನೆಗಳ ಬಾಗಿಲು ಮುಚ್ಚಿತ್ತು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ 1909ರಲ್ಲಿ ಏಳು ಮಂದಿ ಯಹೂದಿ ತರುಣಿಯರು ತಮ್ಮದೇ ಸಂಘವನ್ನು ಕಟ್ಟಿಕೊಂಡರು.

ಅದಕ್ಕೆ ಒಂದು ವರ್ಷ ಮೊದಲು, 1908ರ ಜನವರಿ 15ರಂದು, ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಎಥೆಲ್ ಹೆಜ್‌ಮನ್ ಮತ್ತು ಸಂಗಡಿಗರು ಕಪ್ಪು ಜನಾಂಗದ ವಿದ್ಯಾರ್ಥಿನಿಯರ ಮೊದಲ ಸೊರಾರಿಟಿಯಾದ 'ಆಲ್ಫಾ ಕಪ್ಪಾ ಆಲ್ಫಾ'ವನ್ನು ಸ್ಥಾಪಿಸಿದ್ದರು. ಈ ಸೋದರಿಯರು ತಮ್ಮ ಸ್ನೇಹವನ್ನು ಮನೆಯೊಳಗೇ ಇರಿಸಿಕೊಳ್ಳಲಿಲ್ಲ. 1935ರಿಂದ ಕೆಲವು ವರ್ಷ, ಬೇಸಗೆಯ ರಜೆಯಲ್ಲಿ, ವೈದ್ಯೆ ಡಾರತಿ ಫೆರಿಬೀ ಅವರ ನೇತೃತ್ವದಲ್ಲಿ ಮಿಸಿಸಿಪಿ ಪ್ರಾಂತದ ಬಡ ಕೃಷಿಕಾರ್ಮಿಕರ ಮಕ್ಕಳಿಗೆ ಗಂಟಲಮಾರಿ, ಸಿಡುಬುಗಳ ಲಸಿಕೆ ಹಾಕಿದರು. ಕೂಲಿಯಾಳುಗಳು ಚಿಕಿತ್ಸಾಲಯಕ್ಕೆ ಹೋಗಲು ಜಮೀನುದಾರರು ಅಡ್ಡಿಪಡಿಸಿದಾಗ ತಮ್ಮ ಕಾರುಗಳಲ್ಲಿ ಔಷಧಿಗಳನ್ನು ತುಂಬಿಕೊಂಡು ಹತ್ತಿಯ ಹೊಲಗಳಿಗೇ ಹೋದರು. ಈ ಸೇವೆ 1942ರವರೆಗೆ ನಡೆಯಿತು.

ಮುಚ್ಚಿದ ಬಾಗಿಲುಗಳ ಕಥೆ ಹಳೆಯದೆಂದು ಭಾವಿಸುವಂತಿಲ್ಲ. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಉತ್ತಮ ಅಂಕ ಪಡೆದಿದ್ದ ಕಪ್ಪು ವಿದ್ಯಾರ್ಥಿನಿಯೊಬ್ಬಳಿಗೆ ಸೊರಾರಿಟಿಗಳಲ್ಲಿ ಸ್ಥಾನ ದೊರೆಯಲಿಲ್ಲ. ಮನೆಯೊಳಗಿನ ಕೆಲವು ತರುಣಿಯರೇ ವಿದ್ಯಾರ್ಥಿಗಳ ಪತ್ರಿಕೆಗೆ ಸತ್ಯವನ್ನು ಹೇಳಿದರು: ಅವಳನ್ನು ಸೇರಿಸಿಕೊಳ್ಳಲು ತಮಗೆ ಇಷ್ಟವಿತ್ತು, ಅಡ್ಡ ಬಂದವರು ಎಂದೋ ಓದಿ ಹೋದ ಹಿರಿಯ ಸದಸ್ಯೆಯರು. ವಿದ್ಯಾರ್ಥಿಗಳೂ ಅಧ್ಯಾಪಕರೂ ಮೆರವಣಿಗೆ ನಡೆಸಿದರು. ವಿಶ್ವವಿದ್ಯಾಲಯದ ಅಧ್ಯಕ್ಷೆ ಸದಸ್ಯರ ಆಯ್ಕೆಯನ್ನು ಮತ್ತೆ ತೆರೆಯುವಂತೆ ಆದೇಶಿಸಿದರು. ಕಪ್ಪು ಜನಾಂಗದ ಹಲವು ತರುಣಿಯರು ಆ ಮನೆಗಳನ್ನು ಪ್ರವೇಶಿಸಿದರು.

ಈ ಘಟನೆಯನ್ನು ನಮ್ಮಂತಹ ಹಿರಿಯರು ವಿಶೇಷವಾಗಿ ಮನನ ಮಾಡಬೇಕು. ಆ ಹಿರಿಯ ಸದಸ್ಯೆಯರು ದುಷ್ಟರಲ್ಲ. ತಾವು ಧನಸಹಾಯ ಮಾಡಿದ ಮನೆಯನ್ನು ತಾವು ಕಂಡಂತೆಯೇ ಉಳಿಸಲು ಬಯಸಿದವರು. ಆದರೆ ಮನೆಗೆ ಹಣ ಕೊಟ್ಟವರು ಬೀಗದ ಕೈಯನ್ನೂ ತಮ್ಮ ಬಳಿಯೇ ಇರಿಸಿಕೊಂಡರೆ ಒಳಗಿರುವ ಮಕ್ಕಳ ಸ್ನೇಹಕ್ಕೆ ಉಸಿರಾಟವಿಲ್ಲದಂತಾಗುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಆವರಣದಲ್ಲಿ 1998ರಲ್ಲಿ ನಮ್ಮ ಉಪಖಂಡದ ಮೂಲದ ತರುಣಿಯರೂ 'ಕಪ್ಪಾ ಫೈ ಗಾಮಾ' ಎಂಬ ಸೊರಾರಿಟಿಯನ್ನು ಕಟ್ಟಿದ್ದಾರೆ. ಪರದೇಶದಲ್ಲಿ ಅವರಿಗೆ ಅಕ್ಕತಂಗಿಯರು ದೊರೆತದ್ದು ಸಂತೋಷದ ವಿಷಯ. ನಮ್ಮ ಮಗಳೋ ಮೊಮ್ಮಗಳೋ ಇಂತಹ ಮನೆಯನ್ನು ಸೇರಿದಾಗ, 'ಅಲ್ಲಿ ನಿನಗೆ ಗೆಳತಿಯರು ಸಿಕ್ಕರೇ?' ಎಂದು ಕೇಳುವುದು ಸಹಜ. ಅದರ ಜೊತೆಗೆ 'ಸಿಗದೆ ಹೊರಗೆ ಉಳಿದವಳನ್ನು ಮಾತನಾಡಿಸಿದೆಯಾ?' ಎಂದೂ ಕೇಳೋಣ. ವಿದ್ಯಾರ್ಥಿನಿಲಯಗಳಿಗೆ ದಾನ ಕೊಡುವಾಗ ನಮ್ಮನ್ನು ನಾವೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳೋಣ.