ತಾಳಮದ್ದಳೆಯಲ್ಲಿ ಪಾತ್ರದ ಸೋಲು

ಹಲಸೂರಿನ ಮಗ್ಗುಲಿನ ಜೋಗುಪಾಳ್ಯದಲ್ಲಿ, ಮಿತ್ರರೊಬ್ಬರ ಮನೆಯ ಹಜಾರದಲ್ಲಿ ಕೆಲವು ತಿಂಗಳ ಹಿಂದೆ ತಾಳಮದ್ದಳೆಯ ಕೂಟವೊಂದು ನಡೆಯಿತು. ಪ್ರಸಂಗ ಕರ್ಣಪರ್ವ. ಕರ್ಣನ ಅರ್ಥ ಹೇಳಲು ಕುಳಿತ ತರುಣನು ವಿದ್ಯಾವಂತ, ವಾಗ್ಮಿ. ಕರ್ಣನಲ್ಲಿ ಆತನಿಗೆ ಅಪಾರವಾದ ಮಮತೆ. ರಥದ ಗಾಲಿ ನೆಲದಲ್ಲಿ ಹೂತಾಗ ಕೃಷ್ಣನ ಅರ್ಥಧಾರಿಯು ದ್ರೌಪದಿಯ ಮಾನಭಂಗದ ಮಾತನ್ನೆತ್ತಲು, ತರುಣನು ಕರ್ಣನಲ್ಲಿ ಎಳ್ಳಷ್ಟೂ ದೋಷವಿಲ್ಲವೆಂದು ಅರ್ಧ ಗಂಟೆಯ ಕಾಲ ವಾದಿಸಿದನು. ವಾದದಲ್ಲಿ ಗೆದ್ದನು, ಆದರೆ ಬಳಿಕ ಬಂದ ಕರ್ಣನ ಮರಣಕ್ಕೆ ಸಭೆಯಲ್ಲಿ ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ಇದಕ್ಕೆ ಕಾರಣವನ್ನು ಅರಸಹೊರಟರೆ ಈ ಕಲೆಯ ಇತಿಹಾಸವನ್ನೂ ರೀತಿಯನ್ನೂ ಸ್ವಲ್ಪ ನೋಡಬೇಕಾಗುತ್ತದೆ.

ತಾಳಮದ್ದಳೆ ಹಳೆಯ ಕಲೆ. ಬಳ್ಳಾರಿ ಜಿಲ್ಲೆಯ ಕುರುಗೋಡು ಸೋಮಸಮುದ್ರದಲ್ಲಿ ದೊರೆತ 1556ನೆಯ ಇಸವಿಯ ಶಾಸನವು, ದೇವಾಲಯದಲ್ಲಿ ತಾಳಮದ್ದಳೆ ನಡೆಯಲೆಂದು ಭೂಮಿಯನ್ನು ದಾನವಿತ್ತುದನ್ನು ಹೇಳುತ್ತದೆ. ಈಗ ಅದರ ನೆಲೆ ವಿಶೇಷವಾಗಿ ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ಸೀಮೆ. ಇದರಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುವರು. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆಶುವಾಗಿ ಮಾತನಾಡುವರು. ಪದ್ಯ ಕವಿಯದು, ಮಾತು ಆಡುವವನದು. ಎದುರಾಳಿಯು ಏನನ್ನು ಕೇಳುವನೆಂಬುದು ಮೊದಲೇ ತಿಳಿಯದು. ಆದರೆ ಕಥೆಯ ಗತಿಯನ್ನು ಪದ್ಯವು ಕಟ್ಟಿಹಾಕಿರುತ್ತದೆ: ಕರ್ಣನ ಅರ್ಥಧಾರಿಯು ಎಷ್ಟೇ ಜಾಣನಾಗಿರಲಿ, ಕರ್ಣನು ಬೀಳಲೇಬೇಕು. ಬೀಳುವಿಕೆಯನ್ನು ಕವಿಯು ವಿಧಿಸಿರುವನು. ಅದಕ್ಕೆ ಅರ್ಥ ತುಂಬುವ ಹೊಣೆ ಮಾತ್ರ ಆಡುವವನ ಮೇಲಿದೆ.

ಈ ಹೊಣೆಯು ಸೋಲುವವನೊಬ್ಬನದೇ ಅಲ್ಲ. ವಾಲಿವಧೆಯ ಸಂದರ್ಭವನ್ನು ನೋಡಬಹುದು. ಮರೆಯಿಂದ ಬಂದ ಬಾಣಕ್ಕೆ ಉರುಳಿದ ವಾಲಿಯು ರಾಮನನ್ನು ನಿಂದಿಸುವನು. ತಮ್ಮನ ಹೆಂಡತಿಯನ್ನು ಅಪಹರಿಸಿದ ದೋಷವನ್ನು ರಾಮನು ಆತನ ಮುಂದಿಡುವನು. ಕೊನೆಗೆ ವಾಲಿಯು ತನ್ನ ತಪ್ಪನ್ನೊಪ್ಪಿ ಅಂಗದನನ್ನು ರಾಮನ ವಶಕ್ಕೆ ಒಪ್ಪಿಸುವನು. ಇಲ್ಲಿ ರಾಮನ ಅರ್ಥಧಾರಿಯು, ದೇವರ ಪಾತ್ರ ತನ್ನದೆಂದು ನಿಂದೆಯನ್ನು ಕೇಳದೆ ತಳ್ಳಿಹಾಕಿದರೆ ವಾಲಿಯ ವೇದನೆಗೆ ಎಡೆಯಿಲ್ಲ. ವಾಲಿಯ ಅರ್ಥಧಾರಿಯು ತಪ್ಪನ್ನು ಒಪ್ಪದೆಹೋದರೆ ಮೋಕ್ಷಕ್ಕೆ ದಾರಿಯಿಲ್ಲ. ಒಬ್ಬನು ತನ್ನ ಪಾತ್ರಕ್ಕೆ ಗಾಯವಾಗದಂತೆ ಕಾದುಕೊಂಡರೆ ಇನ್ನೊಬ್ಬನ ಪಾತ್ರವೂ ಕುಂಟುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಹೆಸರಾದುದು ವಾಲಿ, ರಾವಣರಂತಹ ಪಾತ್ರಗಳಿಂದ, ಅಂದರೆ ಕಥೆಯಲ್ಲಿ ಸೋಲುವವರಿಂದ, ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು ಕರ್ಣನ ಮಾತು. ಆತನ ಮೇಲಣ ಕನ್ನಡಿಗರ ಒಲುಮೆ 941ರ ಪಂಪಭಾರತದಷ್ಟು ಹಳೆಯದು. ತರುಣನ ಮಮತೆಯಲ್ಲಿ ಆಶ್ಚರ್ಯವೇನಿಲ್ಲ. ಆದರೆ ವ್ಯಾಸಭಾರತದ ಉದ್ಯೋಗಪರ್ವದಲ್ಲಿ, ದುರ್ಯೋಧನನ ಪ್ರೀತಿಗಾಗಿ ಪಾಂಡವರಿಗೆ ಕಟುವಾದ ಮಾತುಗಳನ್ನಾಡಿದೆನಲ್ಲಾ ಎಂದು ಕರ್ಣನು ಕೃಷ್ಣನ ಮುಂದೆ ತಾನಾಗಿಯೇ ಪಶ್ಚಾತ್ತಾಪಪಡುತ್ತಾನೆ. ಗಾಲಿ ಹೂತಾಗ ಕೃಷ್ಣನು ಹಳೆಯ ಅಧರ್ಮಗಳನ್ನು ಒಂದೊಂದಾಗಿ ನೆನಪಿಸಲು, ಆತನು ನಾಚಿಕೆಯಿಂದ ತಲೆತಗ್ಗಿಸಿ ನಿರುತ್ತರನಾದನೆಂದು ಪ್ರಚಲಿತ ಪಾಠದಲ್ಲಿದೆ. ಋಷಿಯು ಮೌನವನ್ನಿಟ್ಟ ಎಡೆಯಲ್ಲಿ ನಮ್ಮ ತರುಣನು ಅರ್ಧ ಗಂಟೆಯ ಭಾಷಣವನ್ನಿಟ್ಟನು. ಕಳಂಕವನ್ನು ತೊಳೆಯಹೋಗಿ ಕಣ್ಣೀರನ್ನೂ ತೊಳೆದುಹಾಕಿದನು. ದಾನಿಯೂ ಶೂರನೂ ಆದವನು ಒಂದು ದಿನ ತುಂಬಿದ ಸಭೆಯಲ್ಲಿ ಹೀನವಾಗಿ ನಡೆದುಕೊಂಡನಲ್ಲಾ ಎಂಬ ಸಂಕಟವಿಲ್ಲದೆ ಕರ್ಣನ ಸಾವು ಬರಿಯ ಸಾವು.

ಪಾತ್ರಕ್ಕೆ ಬಿದ್ದ ಪೆಟ್ಟು ತನಗೇ ಬಿದ್ದಿತೆಂದು ಆಡುವವನು ತಿಳಿಯಬಾರದು; ಪಾತ್ರಕ್ಕಿಕ್ಕುವ ಪೆಟ್ಟನ್ನು ಎದುರಾಳಿಯೂ ಆಡುವವನಿಗೆ ಇಕ್ಕಬಾರದು. ಈ ಮರ್ಯಾದೆಯೊಂದು ಉಳಿದರೆ ಸೋಲಿಗೆ ಅಂಜಬೇಕಾದುದಿಲ್ಲ. ಇಂದು ಕರ್ಣನಾದವನು ನಾಳೆ ಕೃಷ್ಣನಾಗುವುದು ಈ ಕೂಟಗಳ ವಾಡಿಕೆ. ಜೋಗುಪಾಳ್ಯದ ಹಿರಿಯರು ಮುಂದಿನ ಸಲಕ್ಕೆ ಅದೇ ಪ್ರಸಂಗವನ್ನು ಗೊತ್ತುಮಾಡಿ, ಕೃಷ್ಣನ ಅರ್ಥವನ್ನು ಆ ತರುಣನಿಗೇ ಒಪ್ಪಿಸಿರುವರು. ಕೇಳಿದ ಪ್ರಶ್ನೆಗೆ ಎದುರಿನವನು ತಲೆತಗ್ಗಿಸದಿದ್ದರೆ ಏನಾಗುವುದೆಂಬುದನ್ನು ಆತನು ಆಗ ಅರಿಯುವನು.