ಈಸ್ಟರ್ ಮೇಜಿನ ಮೇಲಿನ ಸುಗಂಧರಾಜ

ಈಸ್ಟರ್ ಹಬ್ಬ ವರ್ಷಕ್ಕೊಂದು ದಿನಾಂಕದಲ್ಲಿ ಬರುವುದೇಕೆಂದು ಒಂಬತ್ತನೆಯ ತರಗತಿಯಲ್ಲಿ ಯಾರಾದರೊಬ್ಬರು ಕೇಳದ ವರ್ಷವಿರಲಿಲ್ಲ. ಬೆಂಗಳೂರಿನವರು ಕರಗವನ್ನು ನೋಡಿಕೊಂಡರೆ ಸಾಕು ಎಂದು ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕ್ರಿ.ಶ. 325ರ ನೈಸಿಯಾ ಮಹಾಸಭೆಯ ನಂತರ ನೆಲೆಗೊಂಡ ಲೆಕ್ಕದಂತೆ, ಮಾರ್ಚ್ 21ರಂದು ಅಥವಾ ಅದರ ಅನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. ಬಹುತೇಕ ವರ್ಷಗಳಲ್ಲಿ ಅದು ನಮ್ಮ ಚೈತ್ರ ಹುಣ್ಣಿಮೆಯೇ ಆಗಿರುತ್ತದೆ. 2025ರಲ್ಲಿ ಏಪ್ರಿಲ್ 12ರ ರಾತ್ರಿ ಕರಗ, 20ರಂದು ಈಸ್ಟರ್. ಕೆಲವೊಮ್ಮೆ ಒಂದು ತಿಂಗಳ ಅಂತರ ಬೀಳುವುದೂ ಉಂಟು. 2024ರಲ್ಲಿ ಈಸ್ಟರ್ ಮಾರ್ಚ್ 31ರಂದು, ಯುಗಾದಿಗಿಂತ ಮೊದಲೇ ಬಂದಿತ್ತು.

ಹೀಗಾಗಿ ಕರಗ ಹೊರುವವರ ತಲೆಯ ಮೇಲೇರುವ ಮಲ್ಲಿಗೆಯ ಕಾಲವೇ ಈಸ್ಟರ್ ಮನೆಗಳಿಗೂ ಹೂವಿನ ಕಾಲ. ಆದರೆ ಆ ಹೂವಿನ ಬೆಲೆ ತಿಳಿಯಬೇಕಾದರೆ ಅದಕ್ಕೆ ಮುಂಚಿನ ಬರಿದುತನವನ್ನೂ ತಿಳಿದಿರಬೇಕು. ಬೂದಿ ಬುಧವಾರದಿಂದ ಆರಂಭವಾಗುವ ತಪಸ್ಸುಕಾಲದಲ್ಲಿ ಕಥೋಲಿಕರ ಪೂಜಾಪೀಠದ ಮೇಲೆ ಹೂವಿಡುವುದಿಲ್ಲ. ಕಡೆಯ ದಿನಗಳಲ್ಲಿ ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚುತ್ತಾರೆ. ಶನಿವಾರದ ರಾತ್ರಿ ಜಾಗರಣೆಯಲ್ಲಿ ಹೊಸ ಬೆಂಕಿಯಿಂದ ಪಾಸ್ಕ ದೀಪವನ್ನು ಹೊತ್ತಿಸಿದ ಮೇಲೆ ಬಿಳಿಯ ಬಣ್ಣ ಮರಳುತ್ತದೆ. ಮನೆಯ ಮೇಜಿಗೂ ಅಂದು ಬಿಳಿಯ ಬಟ್ಟೆಯೇ.

ಮೇಜುಬಟ್ಟೆಗೂ ನಮ್ಮ ನಾಡಿನಲ್ಲಿ ಒಂದು ಚರಿತ್ರೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆಯನ್ನು ಮಾತ್ರ ಕಟ್ಟಲಿಲ್ಲ, ನೇಯ್ಗೆಯನ್ನೂ ಬೆಳೆಸಿದರು. ಖಾಕಿಯ ಹೆಸರಿನೊಡನೆ ನೆನೆಯಲ್ಪಡುವ ಆ ಮಗ್ಗಗಳಿಂದ ಟವೆಲು, ಮೇಜುಬಟ್ಟೆಗಳೂ ಬಂದವು. ನೆಲದ ಮೇಲೆ ಎಲೆ ಹಾಕಿ ಉಣ್ಣುತ್ತಿದ್ದ ನಮಗೆ ಮೇಜೇ ಹೊಸತು; ಅದಕ್ಕೆ ಉಡಿಸುವ ಬಟ್ಟೆ ಇನ್ನೂ ಹೊಸತು.

ಬಟ್ಟೆಯ ಮೇಲೆ ಹೂವಿರಬೇಕು. ಪಶ್ಚಿಮದಲ್ಲಿ ಈಸ್ಟರ್ ಎಂದರೆ ಬಿಳಿ ಲಿಲ್ಲಿ. ಆ ಲಿಲ್ಲಿಯ ತವರು ಯುರೋಪಲ್ಲ, ಜಪಾನಿನ ದಕ್ಷಿಣದ ರ್ಯೂಕ್ಯೂ ದ್ವೀಪಗಳು. ಜಯನಗರ, ಜೆ.ಪಿ. ನಗರಗಳ ಸ್ನೇಹಿತರ ಮನೆಗಳಲ್ಲಿ ನಾನು ಕಂಡದ್ದು ಗಾಂಧಿ ಬಜಾರಿನಿಂದ ತಂದ ಸುಗಂಧರಾಜ, ಸ್ಟೀಲ್ ಲೋಟದಲ್ಲಿ ನಿಂತದ್ದು. ಅದೂ ಇಲ್ಲಿಯದಲ್ಲ, ಮೆಕ್ಸಿಕೋದ ಗಿಡ. ಮದುವೆಯ ಹಾರದಲ್ಲಿ ಅದನ್ನು ಧರಿಸುವಾಗ ಯಾರಿಗೂ ಮೆಕ್ಸಿಕೋ ನೆನಪಾಗುವುದಿಲ್ಲ!

ಮೊಟ್ಟೆಯ ಕಥೆ ಇನ್ನೂ ಸ್ವಾರಸ್ಯಕರ. ಮಧ್ಯಯುಗದ ಯುರೋಪಿನಲ್ಲಿ ಉಪವಾಸಕಾಲದಲ್ಲಿ ಮೊಟ್ಟೆಯೂ ನಿಷಿದ್ಧವಾಗಿತ್ತು. ಕೋಳಿಗೆ ಉಪವಾಸವಿಲ್ಲವಷ್ಟೆ? ಕೂಡಿಬಿದ್ದ ಮೊಟ್ಟೆಗಳು ಹಬ್ಬದ ದಿನ ಬಣ್ಣ ಬಳಿದುಕೊಂಡು ಹೊರಬಂದವು. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1290ರಲ್ಲಿ 450 ಮೊಟ್ಟೆಗಳನ್ನು ಕೊಂಡು, ಚಿನ್ನದ ರೇಕು ಹಾಗೂ ಬಣ್ಣಗಳಿಂದ ಅಲಂಕರಿಸಿ ಹಂಚಿದನೆಂದು ಅರಮನೆಯ ಲೆಕ್ಕಪತ್ರ ಹೇಳುತ್ತದೆ; ವೆಚ್ಚ 18 ಪೆನ್ಸ್. ನಮ್ಮ ಅಡುಗೆಮನೆಯಲ್ಲಿ ಚಿನ್ನದ ರೇಕು ಬೇಡ. ಈರುಳ್ಳಿ ಸಿಪ್ಪೆಯೊಡನೆ ಬೇಯಿಸಿದರೆ ಕೆಂಗಂದು, ಅರಿಶಿನದೊಡನೆ ಹಳದಿ. ಒಂದು ಚಮಚ ವಿನಿಗರ್ ಸೇರಿಸಿದರೆ ಆಮ್ಲವು ಚಿಪ್ಪಿನ ಸುಣ್ಣವನ್ನು ತುಸು ಕೊರೆದು ಬಣ್ಣ ಹಿಡಿಯುವಂತೆ ಮಾಡುತ್ತದೆ. ಇನ್ನು ಬೇಕರಿಯ ಮೊಟ್ಟೆ. ಫ್ರೇಜರ್ ಟೌನಿನಲ್ಲಿ 1902ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿಯಂಥ ಕಡೆಗಳಲ್ಲಿ ಮಾರ್ಜಿಪಾನ್ ಮೊಟ್ಟೆಗಳು ಹೆಸರಾದವು. ಯುರೋಪಿನ ಮಾರ್ಜಿಪಾನ್ ಬಾದಾಮಿಯದು. ನಮ್ಮ ಕಡೆ ಗೋಡಂಬಿಯದು. ಆ ಗೋಡಂಬಿಯೂ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್‌ನಿಂದ ಬಂದದ್ದು.

ಇಲ್ಲಿಯವರೆಗೆ ಯಾರೂ ಜಗಳವಾಡಲಿಲ್ಲ. ಜಗಳವಾದದ್ದು ದೀಪದ ವಿಷಯಕ್ಕೆ. ವ್ಯಾಟಿಕನ್ನಿನ ಎರಡನೆಯ ಮಹಾಸಭೆ (1962–65) ಮುಗಿದ ಮೇಲೆ ಫಾದರ್ ಡಿ.ಎಸ್. ಅಮಲೋರ್ಪವದಾಸರು ಬೆಂಗಳೂರಿನಲ್ಲಿ ಧರ್ಮೋಪದೇಶ ಹಾಗೂ ಆರಾಧನಾ ವಿಧಿಗಳ ರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಿದರು. 1969ರ ಏಪ್ರಿಲ್‌ನಲ್ಲಿ ರೋಮ್ ಭಾರತಕ್ಕಾಗಿ ಹನ್ನೆರಡು ಮಾರ್ಪಾಡುಗಳನ್ನು ಒಪ್ಪಿತು: ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ, ಮೇಣದಬತ್ತಿಯ ಬದಲು ಎಣ್ಣೆದೀಪ. ಇದು ಹಿಂದೂಕರಣವೆಂದು ಹಲವು ಕ್ರೈಸ್ತರೇ ಪ್ರತಿಭಟಿಸಿದರು. ಅವರ ಅಳುಕು ಸುಳ್ಳಾಗಿರಲಿಲ್ಲ. ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಗುರುತು ಕರಗಿಹೋದೀತೆಂಬ ಭಯ ಅಲ್ಪಸಂಖ್ಯಾತರಿಗೆ ಸಹಜ. ಆದರೂ 17ನೆಯ ಶತಮಾನದ ಮಧ್ಯಭಾಗದಲ್ಲಿಯೇ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಸಂನ್ಯಾಸಿಯ ಉಡುಪು ತೊಟ್ಟಿದ್ದನೆಂಬುದನ್ನು ನೆನೆದರೆ, ಈ ವಾದ ನಿನ್ನೆ ಮೊನ್ನೆಯದಲ್ಲವೆಂದು ಗೊತ್ತಾಗುತ್ತದೆ.

ನಾನು ಕಂಡ ಮನೆಗಳಲ್ಲಿ ಈ ವಿವಾದ ಮೇಜಿನವರೆಗೆ ಬಂದಿರಲಿಲ್ಲ. ಯೇಸುವಿನ ಪಟದ ಮುಂದೆ ಎಣ್ಣೆದೀಪ, ಪಟದ ಹಿಂದೆ ಗರಿಗಳ ಭಾನುವಾರದಂದು ತಂದ ತೆಂಗಿನ ಗರಿ, ಮೇಜಿನ ನಡುವೆ ಮೇಣದಬತ್ತಿ. ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಫ್ಯಾನು ಹಾಕಿದರೆ ಎರಡು ದೀಪವೂ ಆರುತ್ತವೆಂದು, ಪ್ರಾರ್ಥನೆ ಮುಗಿಯುವವರೆಗೆ ಎಲ್ಲರೂ ಬೆವರುತ್ತಲೇ ನಿಂತಿರುತ್ತಿದ್ದರು.